ಅಲಾರ್ಮ್ ‘ಆಫ್’ ಆದರೆ ಏಳಬೇಕು, ಲೈಟ್ ‘ಆಫ್’ ಆದರೆ ಮಲಗಬೇಕು

ಎರಡು ಇಂಗ್ಲಿಷ್ ವಾಕ್ಯ ಹೇಳುತ್ತೇನೆ, ಕೇಳಿ. ‘ದ ಲೈಟ್ಸ್ ವೆಂಟ್ ಆಫ್.’ ‘ದ ಅಲಾರ್ಮ್ ವೆಂಟ್ ಆಫ್.’ ಮೊದಲನೆಯದರಲ್ಲಿ ದೀಪ ಆರಿಹೋಯಿತು. ಎರಡನೆಯದರಲ್ಲಿ ಅಲಾರ್ಮ್ ಹೊಡೆದುಕೊಳ್ಳೋಕೆ ಶುರುವಾಯಿತು. ಎರಡರಲ್ಲೂ ಅದೇ ‘ವೆಂಟ್’, ಅದೇ ‘ಆಫ್’. ಒಂದು ಕಡೆ ನಿಂತಿತು, ಇನ್ನೊಂದು ಕಡೆ ಆರಂಭವಾಯಿತು. ಬ್ರಿಟನ್ನಿನ ಮನೆಯಲ್ಲಿ ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಅಂದರೆ ಹಾಲು ಕೆಟ್ಟಿದೆ ಅಂತ. ‘ದ ಬಾಂಬ್ ವೆಂಟ್ ಆಫ್’ ಅಂದರೆ ಸಿಡಿಯಿತು. ‘ಹೀ ವೆಂಟ್ ಆಫ್ ಟು ಹಾಸನ್’ ಅಂದರೆ ಹಾಸನಕ್ಕೆ ಹೊರಟುಹೋದ.

‘ಗೋ’ ಅಂದರೆ ಹೋಗು ಅಂತ ಒಂದನೇ ಕ್ಲಾಸಿನಲ್ಲಿ ಕಲಿತಿದ್ದೇವೆ. ‘ಆಫ್’ ಅಂತೂ ಕಲಿಯಲೇಬೇಕಿರಲಿಲ್ಲ, ಮನೆಯ ಸ್ವಿಚ್‌ಬೋರ್ಡೇ ಕಲಿಸಿತು. ಗೊತ್ತಿರುವ ಎರಡು ಪದ ಪಕ್ಕಪಕ್ಕ ಕೂತ ಕೂಡಲೇ ಗೊತ್ತಿಲ್ಲದ ಮೂರನೆಯದೊಂದು ಹುಟ್ಟುತ್ತದೆ. ಇದನ್ನೇ ಫ್ರೇಸಲ್ ವರ್ಬ್ ಅನ್ನುವುದು. ಕ್ರಿಯಾಪದದ ಹಿಂದೆ ಬರುವ ಆ ಅಪ್, ಡೌನ್, ಆಫ್, ಔಟ್‌ಗಳಿಗೆ ವ್ಯಾಕರಣದಲ್ಲಿ ಬೇರೆ ಹೆಸರಿದೆ. ನಾನು ಮಾತ್ರ ಈ ಹೊತ್ತು ಅವನ್ನು ಬಾಲ ಅಂತಲೇ ಕರೆಯುತ್ತೇನೆ. ಬಾಲ ನೋಡಿ ಪ್ರಾಣಿ ಗುರುತಿಸುವ ಕೆಲಸ ನಮ್ಮದು.

ಇದು ನಮಗೆ ಮಾತ್ರ ಕಷ್ಟ ಅಂದುಕೊಂಡು ಯಾರೂ ಕುಗ್ಗಬೇಕಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ನಿಘಂಟು ಹೊರತಂದಾಗ ಮುನ್ನುಡಿಯಲ್ಲೇ ಈ ಮಾತು ಎತ್ತಿದ್ದಾನೆ. ಕ್ರಿಯಾಪದದ ಹಿಂದೆ ಪುಟ್ಟ ಪದ ಸೇರಿಸಿ ಅರ್ಥ ಬದಲಾಯಿಸುವ ಈ ಪದ್ಧತಿ ಪರದೇಶದವರಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ ಅನ್ನುತ್ತಾನೆ. ಅವನು ಕೊಡುವ ಉದಾಹರಣೆಗಳು ‘ಕಮ್ ಆಫ್’, ‘ಫಾಲ್ ಆನ್’, ‘ಬ್ರೇಕ್ ಆಫ್’ ಇಂಥವು. ಆಗ ಇದಕ್ಕೆ ಒಂದು ಹೆಸರೂ ಇರಲಿಲ್ಲ. ‘ಫ್ರೇಸಲ್ ವರ್ಬ್’ ಅನ್ನುವ ಹೆಸರು ಬಳಕೆಗೆ ಬಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಬರೆದ ಪುಸ್ತಕದಿಂದ. ಅವನೂ ಈ ಹೆಸರು ನನ್ನದಲ್ಲ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಸೂಚಿಸಿದ್ದು ಅಂತ ಹೇಳಿಕೊಂಡಿದ್ದಾನೆ. ಇಷ್ಟು ಇತಿಹಾಸ ಸಾಕು.

ಈಗ ಸ್ವಲ್ಪ ಹೊತ್ತು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬನ್ನಿ. ಬೆಂಗಳೂರಿಗೆ ಕೆಲಸಕ್ಕೆ ಬಂದ ಬಿಹಾರದ ಹುಡುಗನೊಬ್ಬ ಕನ್ನಡ ಕಲಿಯುತ್ತಿದ್ದಾನೆ ಅಂದುಕೊಳ್ಳಿ. ‘ಕೈ’ ಗೊತ್ತು, ‘ಕೊಡು’ ಗೊತ್ತು. ನೀವು ಅವನಿಗೆ ‘ನಿನ್ನೆ ಸ್ಕೂಟರ್ ಕೈಕೊಟ್ಟಿತು’ ಅನ್ನುತ್ತೀರಿ. ಸ್ಕೂಟರಿಗೆ ಕೈ ಎಲ್ಲಿಂದ ಬಂತು, ಯಾರಿಗೆ ಕೊಟ್ಟಿತು? ಮರುದಿನ ‘ಆ ಯೋಚನೆ ಕೈಬಿಟ್ಟೆ’ ಅನ್ನುತ್ತೀರಿ. ಆಮೇಲೆ ‘ಸೈಟ್ ತಗೊಳ್ಳೋ ಕನಸು ಕೈಗೂಡಿತು’, ‘ದೊಡ್ಡ ಕೆಲಸಕ್ಕೆ ಕೈಹಾಕಿದೆ’, ‘ದುಡ್ಡು ಕೊಡೋ ಹೊತ್ತಿಗೆ ಬಾಮೈದ ಕೈಯೆತ್ತಿಬಿಟ್ಟ’, ‘ಪರಿಸ್ಥಿತಿ ಕೈಮೀರಿದೆ’, ‘ಡಾಕ್ಟರು ಕೈಚೆಲ್ಲಿದರು’. ಆ ಹುಡುಗ ಪುಸ್ತಕ ಮುಚ್ಚಿ ಹಿಂದಿಯಲ್ಲೇ ಮಾತಾಡಲಾ ಅಂತ ಕೇಳಿದರೆ ಅವನನ್ನು ಬೈಯಬಾರದು. ನಾವು ಇದನ್ನೆಲ್ಲ ಯಾವ ಪಟ್ಟಿಯಿಂದಲೂ ಕಲಿಯಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡುವಾಗ ಕಲಿತೆವು.

ಇವಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ನೋಡಿ. ಸ್ಕೂಟರ್ ಕೈಕೊಟ್ಟರೆ ‘ಬ್ರೋಕ್ ಡೌನ್’. ಸ್ನೇಹಿತ ಕೈಕೊಟ್ಟರೆ ‘ಲೆಟ್ ಮೀ ಡೌನ್’. ಯೋಚನೆ ಕೈಬಿಟ್ಟರೆ ‘ಗೇವ್ ಅಪ್’. ಬಾಮೈದ ಕೈಯೆತ್ತಿದರೆ ‘ಬ್ಯಾಕ್ಡ್ ಔಟ್’. ದೊಡ್ಡ ಕೆಲಸಕ್ಕೆ ಕೈಹಾಕಿದರೆ ‘ಟುಕ್ ಆನ್’. ನಮ್ಮ ಕೈಗೂ ಅವರ ಬಾಲಕ್ಕೂ ಹೆಚ್ಚುಕಡಿಮೆ ಒಂದೇ ಕೆಲಸ.

ಇನ್ನೂ ಹತ್ತಿರದ ನಂಟೊಂದಿದೆ. ‘ತಿಂದ’ ಬೇರೆ, ‘ತಿಂದುಬಿಟ್ಟ’ ಬೇರೆ, ‘ತಿಂದುಹಾಕಿದ’ ಇನ್ನೂ ಬೇರೆ. ತಟ್ಟೆಯಲ್ಲಿ ಏನೂ ಉಳಿದಿಲ್ಲ ಅನ್ನುವುದನ್ನು ಆ ‘ಬಿಡು’, ‘ಹಾಕು’ಗಳು ಹೇಳುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸ ‘ಅಪ್’ ಮಾಡುತ್ತದೆ. ‘ಈಟ್ ಯುವರ್ ಡಿನ್ನರ್’ ಅಂದರೆ ಊಟ ಮಾಡು, ‘ಈಟ್ ಅಪ್’ ಅಂದರೆ ತಿಂದು ಮುಗಿಸು. ‘ಡ್ರಿಂಕ್ ಅಪ್’ ಅಂದರೆ ಕುಡಿದುಬಿಡು, ಹೊರಡೋಣ. ‘ಯೂಸ್ ಅಪ್’, ‘ಕ್ಲೀನ್ ಅಪ್’, ‘ಫಿನಿಶ್ ಅಪ್’ ಎಲ್ಲದರಲ್ಲೂ ಮೇಲಕ್ಕೆ ಹೋಗುವುದು ಏನೂ ಇಲ್ಲ, ಕೆಲಸ ಪೂರ್ತಿ ಆಗುವುದು ಮಾತ್ರ ಇದೆ. ‘ಬರೆದುಕೋ’, ‘ಬರೆದಿಡು’ ಅನ್ನುವ ಕಡೆ ಅವರದು ‘ರೈಟ್ ಡೌನ್’. ‘ಓಡು’ ಮತ್ತು ‘ಓಡಿಹೋಗು’ ತಗೊಳ್ಳಿ. ‘ಅವರ ಮನೆ ಹುಡುಗಿ ಓಡಿಹೋದಳಂತೆ’ ಅಂತ ಊರಲ್ಲಿ ಯಾರಾದರೂ ಅಂದರೆ ತಾಲ್ಲೂಕು ಮಟ್ಟದ ಓಟದ ಸ್ಪರ್ಧೆ ಯಾರಿಗೂ ನೆನಪಾಗುವುದಿಲ್ಲ. ‘ಶಿ ರ‍್ಯಾನ್ ಆಫ್ ವಿತ್ ಹಿಮ್’ ಅಂದಾಗ ಇಂಗ್ಲಿಷಿನವನಿಗೂ ಅದೇ ಅರ್ಥ, ಅದೇ ಕುತೂಹಲ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮಲ್ಲಿ ಹಿಂದೆ ಬರುವುದು ಇನ್ನೊಂದು ಕ್ರಿಯಾಪದ: ಬಿಡು, ಹಾಕು, ಹೋಗು, ಕೊಳ್ಳು, ಇಡು. ಅವರಲ್ಲಿ ಬರುವುದು ದಿಕ್ಕು. ಮೇಲೆ, ಕೆಳಗೆ, ಒಳಗೆ, ಹೊರಗೆ, ಆಚೆ. ಆ ದಿಕ್ಕೇ ನಿಧಾನವಾಗಿ ಅರ್ಥವಾಗಿ ಮಾಗಿದೆ. ಹಾಗಾಗಿ ಕ್ರಿಯಾಪದವನ್ನು ಹಿಡಿದುಕೊಂಡು ಹೊರಟರೆ ದಾರಿ ತಪ್ಪುತ್ತದೆ. ‘ಗೆಟ್’ ಅಂದರೆ ಏನು ಅಂತ ಕೇಳಿದರೆ ನಾನು ಉತ್ತರ ಹೇಳಲಾರೆ. ‘ಗೆಟ್’ಗೆ ಸ್ವಂತ ಅರ್ಥ ಇರುವುದೇ ಕಡಿಮೆ. ‘ಆಫ್’ ಅಂದರೆ ಏನು ಅಂತ ಕೇಳಿ, ಹೇಳಬಲ್ಲೆ: ಇದ್ದ ಜಾಗ ಬಿಟ್ಟು, ಇದ್ದ ಸ್ಥಿತಿ ಬಿಟ್ಟು. ಈಗ ಶುರುವಿನ ವಾಕ್ಯಗಳನ್ನು ಮತ್ತೆ ಇಟ್ಟು ನೋಡಿ. ದೀಪ ಉರಿಯುವ ಸ್ಥಿತಿ ಬಿಟ್ಟಿತು. ಹಾಲು ಚೆನ್ನಾಗಿದ್ದ ಸ್ಥಿತಿ ಬಿಟ್ಟಿತು. ಅವನು ಇದ್ದ ಊರು ಬಿಟ್ಟ. ಅಲಾರ್ಮು, ಬಾಂಬು ಎರಡೂ ಬಿಗಿಹಿಡಿದು ಕೂತಿದ್ದವು, ಹಿಡಿತ ಬಿಟ್ಟುಕೊಂಡವು. ಎಲ್ಲ ಕಡೆಯೂ ಹೀಗೆ ಸಲೀಸಾಗಿ ಕೂರುತ್ತದೆ ಅಂತ ನಾನು ಹೇಳುತ್ತಿಲ್ಲ. ನೆನಪಿಟ್ಟುಕೊಳ್ಳೋಕೆ ಇದೊಂದು ಗೂಟ, ಅಷ್ಟೇ.

‘ಆನ್’ಗೂ ಇಂಥದೊಂದು ಗೂಟ ಇದೆ. ಅದು ಮುಂದುವರಿಕೆಯ ಬಾಲ. ‘ಗೋ ಆನ್’, ‘ಕ್ಯಾರಿ ಆನ್’, ‘ಕೀಪ್ ಆನ್’, ‘ರೀಡ್ ಆನ್’. ಕ್ರಿಕೆಟ್ ನೋಡುವವರಿಗೆ ‘ಫಾಲೋ ಆನ್’ ಗೊತ್ತೇ ಇದೆ. ಮೊದಲ ಇನಿಂಗ್ಸಿನಲ್ಲಿ ತೀರಾ ಹಿಂದೆ ಬಿದ್ದ ತಂಡ, ಎದುರಾಳಿ ಬಯಸಿದರೆ, ಅವರಿಗೆ ಬ್ಯಾಟ್ ಬಿಟ್ಟುಕೊಡದೆ ತನ್ನದೇ ಎರಡನೇ ಇನಿಂಗ್ಸನ್ನು ಹಿಂದೆಯೇ ಮುಂದುವರಿಸಬೇಕು. 2001ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ಆಸ್ಟ್ರೇಲಿಯಾ ನಮಗೆ ಫಾಲೋ ಆನ್ ಕೊಟ್ಟಿತು. ಆಮೇಲೆ ಏನಾಯಿತು ಅಂತ ಈ ಸಭೆಗೆ ಹೇಳಬೇಕಿಲ್ಲ. ಲಕ್ಷ್ಮಣ್ 281, ನಮ್ಮ ದ್ರಾವಿಡ್ 180. ಈ ವಿಷಯ ಎತ್ತಿದರೆ ನಾನು ಫ್ರೇಸಲ್ ವರ್ಬ್ ಮರೆತುಬಿಡುತ್ತೇನೆ. ಕ್ರಿಕೆಟ್ಟಿನದೇ ಇನ್ನೊಂದು, ‘ರನ್ ಔಟ್’. ಮೈದಾನದಲ್ಲಿ ಓಡುತ್ತಾ ಔಟಾದವನು ರನ್ ಔಟ್. ಅಡುಗೆಮನೆಯಲ್ಲಿ ‘ವೀ ಹ್ಯಾವ್ ರನ್ ಔಟ್ ಆಫ್ ಶುಗರ್’ ಅಂದರೆ ಸಕ್ಕರೆ ಖಾಲಿ. ಅಲ್ಲಿ ಯಾರೂ ಓಡಿಲ್ಲ, ಈಗ ಯಾರಾದರೂ ಅಂಗಡಿಗೆ ಓಡಬೇಕು.

ಇನ್ನು ನಿಜವಾದ ತೊಂದರೆಗೆ ಬರೋಣ. ಫ್ರೇಸಲ್ ವರ್ಬ್ ನಮಗೆ ಅರ್ಥವಾಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಎಷ್ಟೋ ಅರ್ಥವಾಗುತ್ತವೆ. ಆದರೂ ನಾವಾಗಿ ಬಾಯಿಬಿಟ್ಟಾಗ ಅವನ್ನು ತಪ್ಪಿಸಿಕೊಂಡು ಓಡಾಡುತ್ತೇವೆ. ಇದು ನಮ್ಮೊಬ್ಬರ ಕಥೆಯಲ್ಲ. 1985ರಲ್ಲಿ ಡಾಗಟ್ ಮತ್ತು ಲಾಫರ್ ಎಂಬ ಇಬ್ಬರು ಸಂಶೋಧಕರು ಹೀಬ್ರೂ ಮಾತಾಡುವ ಇಸ್ರೇಲಿನ ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಒಂದೇ ಪದದ ಕ್ರಿಯಾಪದ ಸಿಕ್ಕರೆ ಸಾಕು, ಹೆಚ್ಚಿನವರು ಬಾಲದ್ದನ್ನು ಬಿಟ್ಟು ಅದನ್ನೇ ಆರಿಸಿಕೊಳ್ಳುತ್ತಿದ್ದರು. ಹೀಬ್ರೂವಿನಲ್ಲಿ ಇಂಥ ಬಾಲ ಇಲ್ಲ. ನಮ್ಮಲ್ಲೂ ಇಲ್ಲ.

ನಮಗೆ ಇನ್ನೊಂದು ಕಾರಣವೂ ಇದೆ. ನಮ್ಮ ಇಂಗ್ಲಿಷ್ ಬಂದದ್ದು ಪಠ್ಯಪುಸ್ತಕದಿಂದ, ಕಚೇರಿ ಪತ್ರದಿಂದ, ಅರ್ಜಿಯಿಂದ. ಅಲ್ಲಿ ‘ಪೋಸ್ಟ್‌ಪೋನ್’ ಇರುತ್ತದೆ, ‘ಪುಟ್ ಆಫ್’ ಇರುವುದಿಲ್ಲ. ‘ಇನ್ವೆಸ್ಟಿಗೇಟ್’ ಇರುತ್ತದೆ, ‘ಲುಕ್ ಇನ್‌ಟು’ ಇರುವುದು ಅಪರೂಪ. ‘ಟಾಲರೇಟ್’ ಇರುತ್ತದೆ, ‘ಪುಟ್ ಅಪ್ ವಿತ್’ ಇರುವುದಿಲ್ಲ. ಈ ಭೇದದ ಬೇರು ಹಳೆಯದು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ನ್ಯಾಯಾಲಯ, ಆಸ್ಥಾನಗಳಲ್ಲಿ ಫ್ರೆಂಚ್ ಕೂತಿತು. ಲ್ಯಾಟಿನ್ ಮೊದಲೇ ಚರ್ಚಿನಲ್ಲಿ ಕೂತಿತ್ತು. ಹೊಲಮನೆಗಳಲ್ಲಿ ಇಂಗ್ಲಿಷೇ ಉಳಿಯಿತು. ಇವತ್ತಿಗೂ ಫ್ರೆಂಚ್, ಲ್ಯಾಟಿನ್ ಮೂಲದ ಉದ್ದ ಪದಗಳಿಗೆ ಒಂದು ಗತ್ತು, ಬಾಲದ ಕ್ರಿಯಾಪದಗಳಿಗೆ ಮನೆಯ ಸಲಿಗೆ. ನಾವು ಗತ್ತಿನದನ್ನು ಮೊದಲು ಕಲಿತು ಸಲಿಗೆಯದನ್ನು ಕಲಿಯದೆ ಉಳಿದವರು. ಹಾಗಾಗಿ ಸ್ಟವ್ ಹತ್ತಿಕೊಂಡು ಉರಿಯುವಾಗಲೂ ‘ಎಕ್ಸ್‌ಟಿಂಗ್ವಿಷ್ ದ ಫೈರ್’ ಅನ್ನುತ್ತೇವೆ. ಮನೆಮಂದಿಗೆ ಕನ್ನಡದಲ್ಲಿ ‘ಅಗ್ನಿಯನ್ನು ನಂದಿಸತಕ್ಕದ್ದು’ ಅಂತ ಕೂಗಿಕೊಂಡ ಹಾಗೆ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ‘ಪುಟ್ ಇಟ್ ಔಟ್!’ ಅಂದರೆ ಬೇಗ ಆರುತ್ತಿತ್ತು.

ಆ ‘ಪುಟ್ ಇಟ್ ಔಟ್’ ಅನ್ನುವುದನ್ನು ಗಮನಿಸಿದಿರಾ? ‘ಇಟ್’ ನಡುವೆ ಬಂದು ಕೂತಿತು. ಇಲ್ಲೇ ನಮ್ಮವರು ಎಡವುವುದು. ‘ಟರ್ನ್ ಆಫ್ ದ ಫ್ಯಾನ್’ ಸರಿ. ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಆದರೆ ಫ್ಯಾನ್ ತೆಗೆದು ‘ಇಟ್’ ಹಾಕಿದರೆ ‘ಟರ್ನ್ ಇಟ್ ಆಫ್’ ಒಂದೇ ದಾರಿ. ‘ಟರ್ನ್ ಆಫ್ ಇಟ್’ ಅಂತ ಇಂಗ್ಲಿಷ್ ಮನೆಯ ಮಗುವೂ ಅನ್ನುವುದಿಲ್ಲ. ಇಟ್, ಹಿಮ್, ಹರ್, ದೆಮ್ ಇಂಥ ಚಿಕ್ಕ ಸರ್ವನಾಮಗಳು ನಡುವೆಯೇ ಕೂರಬೇಕು. ಉದ್ದದ ಮಾತಿದ್ದರೆ ಉಲ್ಟಾ: ‘ಹೀ ಟರ್ನ್ಡ್ ಡೌನ್ ದ ಜಾಬ್ ಹಿಸ್ ಅಂಕಲ್ ಹ್ಯಾಡ್ ಫೌಂಡ್ ಫಾರ್ ಹಿಮ್ ಇನ್ ಮುಂಬೈ.’ ಇಲ್ಲಿ ‘ಡೌನ್’ ಅನ್ನು ಮುಂಬೈ ಆದಮೇಲೆ ಇಟ್ಟರೆ ಕೇಳುವವನು ಅಲ್ಲಿವರೆಗೆ ಉಸಿರು ಹಿಡಿದು ಕಾಯಬೇಕು. ನಾವು ಕನ್ನಡದವರು ಕ್ರಿಯಾಪದಕ್ಕೆ ವಾಕ್ಯದ ಕೊನೆತನಕ ಕಾದು ಅಭ್ಯಾಸ ಇರುವವರು, ಅವರಿಗೆ ಆ ತಾಳ್ಮೆ ಇಲ್ಲ.

ಎಲ್ಲವೂ ಹೀಗೆ ಸೀಳಿಕೊಳ್ಳುವುದಿಲ್ಲ. ‘ಲುಕ್ ಆಫ್ಟರ್ ಹರ್’ ಅನ್ನಬೇಕು, ‘ಲುಕ್ ಹರ್ ಆಫ್ಟರ್’ ಆಗುವುದಿಲ್ಲ. ‘ರನ್ ಇನ್‌ಟು’, ‘ಕಮ್ ಅಕ್ರಾಸ್’, ‘ಗೆಟ್ ಓವರ್’ ಇವೂ ಅದೇ ಜಾತಿ. ಗುರುತಿಸೋಕೆ ಕಿವಿ ಸಹಾಯ ಮಾಡುತ್ತದೆ. ‘ಟರ್ನ್ ಇಟ್ ಆಫ್’ ಅಂದಾಗ ಒತ್ತು ಬೀಳುವುದು ‘ಆಫ್’ ಮೇಲೆ. ‘ಲುಕ್ ಆ್ಯಟ್ ಇಟ್’ ಅಂದಾಗ ‘ಆ್ಯಟ್’ ನುಂಗಿಹೋಗುತ್ತದೆ, ಒತ್ತು ‘ಲುಕ್’ ಮೇಲೆ. ಸೀಳಿಕೊಳ್ಳುವ ಜಾತಿಯಲ್ಲಿ ಸಾಮಾನ್ಯವಾಗಿ ಬಾಲಕ್ಕೆ ದನಿ ಇರುತ್ತದೆ.

ಕಿವಿಯ ಮಾತು ಬಂತು, ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲಿಷ್ ಸಿನಿಮಾ ನೋಡುವಾಗ ಸಬ್‌ಟೈಟಲ್ ಇಲ್ಲದಿದ್ದರೆ ಏನೂ ತಿಳಿಯುವುದಿಲ್ಲ ಅಂತ ಹುಡುಗರು ದೂರುತ್ತಾರೆ. ಅವರು ‘ಪಿಕ್, ಇಟ್, ಅಪ್’ ಅಂತ ಮೂರು ಪದಕ್ಕೆ ಕಾಯುತ್ತಿರುತ್ತಾರೆ. ತೆರೆಯ ಮೇಲಿನವನು ‘ಪಿಕಿಟಪ್’ ಅಂತ ಒಂದೇ ಉಸಿರಿಗೆ ಮುಗಿಸಿರುತ್ತಾನೆ. ‘ಟರ್ನಿಟಾಫ್’, ‘ಫಿಗರಿಟೌಟ್’. ಎರಡು ಪದ ಎದುರಾದರೆ ಸಂಧಿ ಮಾಡದೆ ಬಿಡದ ಭಾಷೆ ನಮ್ಮದು. ನಮಗೆ ಇದು ಹೊಸದೇನೂ ಆಗಬಾರದು. ಬರೆದದ್ದನ್ನು ಓದಿ ಕಲಿತವರಿಗೆ ಇಂಗ್ಲಿಷಿನಲ್ಲೂ ಸಂಧಿ ಇದೆ ಅಂತ ಯಾರೂ ಹೇಳಿರುವುದಿಲ್ಲ.

ಬಾಲ ಹಿಂದೆ ಇರುವ ಬದಲು ಮುಂದೆ ಬಂದರೆ? ಇದು ನನಗೆ ತುಂಬಾ ಇಷ್ಟದ ಭಾಗ. ಹೆದ್ದಾರಿಯಲ್ಲಿ ‘ಓವರ್‌ಟೇಕ್’ ಮಾಡುತ್ತೇವೆ. ತಿರುಗಿಸಿದರೆ ‘ಟೇಕ್ ಓವರ್’, ಒಂದು ಕಂಪನಿ ಇನ್ನೊಂದನ್ನು ವಶಪಡಿಸಿಕೊಳ್ಳುವುದು. ಲಾರಿಯನ್ನು ಓವರ್‌ಟೇಕ್ ಮಾಡಿದರೆ ಮುಂದೆ ಹೋದಿರಿ, ಟೇಕ್ ಓವರ್ ಮಾಡಿದರೆ ಲಾರಿ ನಿಮ್ಮದೇ ಆಯಿತು. ಕೋರ್ಟು ತೀರ್ಪನ್ನು ‘ಅಪ್‌ಹೋಲ್ಡ್’ ಮಾಡಿದರೆ ಎತ್ತಿಹಿಡಿಯಿತು, ‘ಹೋಲ್ಡ್ ಅಪ್’ ಮಾಡಿದರೆ ತಡೆದು ನಿಲ್ಲಿಸಿತು. ಎಲ್ಲಕ್ಕಿಂತ ಅಪಾಯದ ಜೋಡಿ ‘ಲುಕ್ ಓವರ್’ ಮತ್ತು ‘ಓವರ್‌ಲುಕ್’. ಮೊದಲನೆಯದು ಕಾಗದಪತ್ರದ ಮೇಲೆ ಕಣ್ಣಾಡಿಸಿ ಪರಿಶೀಲಿಸುವುದು. ಎರಡನೆಯದು ಕಣ್ತಪ್ಪಿಸಿಕೊಂಡು ಬಿಟ್ಟುಬಿಡುವುದು. ಮೇಲಧಿಕಾರಿಗೆ ‘ಐ ಓವರ್‌ಲುಕ್ಡ್ ದ ಫೈಲ್’ ಅಂತ ಹೆಮ್ಮೆಯಿಂದ ಬರೆದರೆ ಅವರು ಏನು ಮಾಡಬೇಕು ಹೇಳಿ. ಬಾಲವನ್ನು ಕ್ರಿಯಾಪದದ ಮುಂದೆ ಅಂಟಿಸುವುದು ಇಂಗ್ಲಿಷಿನ ಹಳೆಯ ಚಾಳಿ. ಅದರ ದಾಯಾದಿ ಜರ್ಮನ್‌ನಲ್ಲಿ ಇವತ್ತಿಗೂ ‘ಎದ್ದೇಳು’ ಅನ್ನುವುದಕ್ಕೆ ‘ಔಫ್‌ಶ್ಟೇಎನ್’, ಅಂದರೆ ಮೊದಲು ‘ಮೇಲೆ’, ಆಮೇಲೆ ‘ನಿಲ್ಲು’. ಇಂಗ್ಲಿಷ್ ಶತಮಾನಗಳು ಉರುಳಿದ ಹಾಗೆ ಬಾಲವನ್ನು ಹಿಂದಕ್ಕೆ ಸರಿಸಿಕೊಂಡಿತು. ಮುಂದೆಯೇ ಉಳಿದುಕೊಂಡ ಕೆಲವು ಹಳಬರು ‘ಅಂಡರ್‌ಸ್ಟ್ಯಾಂಡ್’, ‘ಓವರ್‌ಕಮ್’, ‘ವಿತ್‌ಸ್ಟ್ಯಾಂಡ್’.

ಈಗ ಬೆಂಗಳೂರಿಗೆ ಬರೋಣ. ಕ್ಯಾಬ್ ಚಾಲಕರಿಗೆ ಫೋನ್ ಮಾಡಿ ‘ಪ್ಲೀಸ್ ಪಿಕ್ ಮೀ’ ಅನ್ನುತ್ತೇವೆ. ಬಾಲ ಕತ್ತರಿಸಿದ ‘ಪಿಕ್’ ಅಂದರೆ ಆರಿಸಿಕೋ. ಸಂತೆಯಲ್ಲಿ ಟೊಮೆಟೊ ಆರಿಸಿದ ಹಾಗೆ ನಮ್ಮನ್ನು ಆರಿಸಿಕೊಳ್ಳಿ ಅಂತ ಕೇಳಿದ ಹಾಗಾಯಿತು. ‘ಪಿಕ್ ಮೀ ಅಪ್’ ಅನ್ನಬೇಕು. ‘ಡ್ರಾಪ್ ಮೀ’ ಇನ್ನೂ ಕಷ್ಟ, ಬೀಳಿಸಿಬಿಡಿ ಅಂತ! ಅಲ್ಲಿ ‘ಆಫ್’ ಸೇರಿಸಿದರೆ ಕ್ಷೇಮ. ಬಸ್ಸಿನಿಂದ ‘ಗೆಟ್ ಡೌನ್’ ಆಗುತ್ತೇವೆ, ಕನ್ನಡದ ‘ಇಳಿ’ ಅಲ್ಲಿ ಇಣುಕುತ್ತಿದೆ. ಅವರು ‘ಗೆಟ್ ಆಫ್ ದ ಬಸ್’ ಅನ್ನುತ್ತಾರೆ. ಕಾರಿಗಾದರೆ ‘ಗೆಟ್ ಔಟ್ ಆಫ್’. ನೆಟ್ಟಗೆ ನಿಂತು ಓಡಾಡಬಹುದಾದ ಬಸ್ಸು, ರೈಲಿಗೆ ‘ಆನ್, ಆಫ್’. ತಲೆ ಬಗ್ಗಿಸಿ ತೂರಿಕೊಳ್ಳಬೇಕಾದ ಕಾರು, ಆಟೋಗೆ ‘ಇನ್, ಔಟ್’. ಕಾಲು ಹಾಕಿ ಏರುವ ಬೈಕಿಗೆ ಮತ್ತೆ ‘ಆನ್, ಆಫ್’.

ಕೆಲವು ಕಡೆ ನಾವು ಬಾಲ ಕತ್ತರಿಸಿದರೆ ಇನ್ನು ಕೆಲವು ಕಡೆ ಇಲ್ಲದ ಬಾಲ ಅಂಟಿಸುತ್ತೇವೆ. ‘ಕೋಪ್ ಅಪ್ ವಿತ್’ ಇದಕ್ಕೆ ಹೆಸರುವಾಸಿ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಅದು ಬರೀ ‘ಕೋಪ್ ವಿತ್’. ಆ ‘ಅಪ್’ ಎಲ್ಲಿಂದ ಬಂತು? ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’, ‘ಪುಟ್ ಅಪ್ ವಿತ್’ ಮೂರನ್ನೂ ಕೇಳಿದ ಕಿವಿ ನಾಲ್ಕನೆಯದಕ್ಕೂ ಅದನ್ನೇ ತೊಡಿಸಿದೆ ಅಂತ ನನ್ನ ಊಹೆ. ಇದನ್ನು ನಾನು ದಡ್ಡತನ ಅನ್ನುವುದಿಲ್ಲ, ವಿನ್ಯಾಸ ಹಿಡಿದ ಬುದ್ಧಿಯೇ ಇದು. ‘ಐ ಪಾಸ್ಡ್ ಔಟ್ ಇನ್ 2015’ ಅಂತ ನಮ್ಮ ಬಯೊಡೇಟಾಗಳಲ್ಲಿ ಇರುತ್ತದೆ. ಸೈನ್ಯದ ‘ಪಾಸಿಂಗ್ ಔಟ್ ಪರೇಡ್’ ನೋಡಿದವರಿಗೆ ಅದರ ಬೇರು ತಿಳಿಯುತ್ತದೆ, ಬ್ರಿಟಿಷ್ ಸೈನ್ಯದಲ್ಲೂ ಈ ಬಳಕೆ ಇದೆ. ಅಮೆರಿಕದ ಕಂಪನಿಯವನು ಓದಿದರೆ ಮಾತ್ರ 2015ರಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ಎದ್ದದ್ದು ಯಾವಾಗ ಅಂತ ಹುಡುಕುತ್ತಾನೆ. ಅವನ ಕೈಗೆ ಹೋಗುವ ಕಾಗದದಲ್ಲಿ ‘ಗ್ರಾಜುಯೇಟೆಡ್’ ಅಂತ ಬರೆದುಬಿಡಿ. ಊರೊಳಗಿನ ಮಾತಿಗೆ ಹಳೆಯದೇ ಇರಲಿ, ನನಗೇನೂ ತಕರಾರಿಲ್ಲ.

ತಕರಾರು ಇರುವುದು ಒಂದು ಕಡೆ. ‘ಮದುವೆ ಮುಂದಕ್ಕೆ ಹೋಯಿತು’ ಅಂದರೆ ನಮಗೆ ತಡವಾಯಿತು ಅಂತ. ‘ಮುಂದೂಡಿದರು’, ‘ಮುಂದಕ್ಕೆ ಹಾಕಿದರು’ ಎಲ್ಲವೂ ತಡವೇ. ಇಂಗ್ಲಿಷಿನಲ್ಲಿ ದಿಕ್ಕು ತಿರುಗುತ್ತದೆ. ‘ಬ್ರಿಂಗ್ ಫಾರ್ವರ್ಡ್’ ಅಂದರೆ ಬೇಗ ಮಾಡುವುದು. ‘ಪುಟ್ ಬ್ಯಾಕ್’, ‘ಪುಷ್ ಬ್ಯಾಕ್’ ಅಂದರೆ ತಡ ಮಾಡುವುದು. ನಮ್ಮ ಹುಡುಗಿಯೊಬ್ಬಳು ಆಫೀಸಿನಲ್ಲಿ ಕೂತು, ತಲೆಯಲ್ಲಿ ‘ಶುಕ್ರವಾರದ ಮೀಟಿಂಗ್ ಮುಂದಕ್ಕೆ ಹಾಕಿದ್ದಾರೆ’ ಅಂದುಕೊಂಡು ಲಂಡನ್ನಿಗೆ ‘ದ ಮೀಟಿಂಗ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್’ ಅಂತ ಬರೆಯುತ್ತಾಳೆ ಅಂದುಕೊಳ್ಳಿ. ಲಂಡನ್ನಿನವರು ಬುಧವಾರವೋ ಗುರುವಾರವೋ ತಯಾರಾಗಿ ಕೂರುತ್ತಾರೆ. ಇವಳು ಮುಂದಿನ ಸೋಮವಾರಕ್ಕೆ ಸ್ಲೈಡ್ ಮಾಡುತ್ತಿರುತ್ತಾಳೆ. ಎರಡೂ ಕಡೆ ಯಾರಿಗೂ ತಪ್ಪು ಕಾಣುವುದಿಲ್ಲ. ‘ಮೂವ್ ಫಾರ್ವರ್ಡ್’ ಅಂದರಂತೂ ಇಂಗ್ಲಿಷ್ ಮನೆಮಾತಿನವರಲ್ಲೇ ಕೆಲವರು ಬೇಗ ಅಂತಲೂ ಕೆಲವರು ತಡ ಅಂತಲೂ ತಿಳಿಯುತ್ತಾರೆ. ಅದಕ್ಕೇ ನಾನು ಹೇಳುವುದು, ತಡವಾದರೆ ‘ಪುಟ್ ಆಫ್’ ಅನ್ನಿ, ಪಕ್ಕದಲ್ಲಿ ತಾರೀಖನ್ನೂ ಬರೆಯಿರಿ. ಬೇಗ ಮಾಡುವುದಕ್ಕೆ ನಾವು ಭಾರತೀಯರು ‘ಪ್ರೀಪೋನ್’ ಅನ್ನುವ ಪದ ಬಳಕೆಗೆ ತಂದುಕೊಂಡಿದ್ದೇವೆ. ನನಗೆ ಆ ಪದದ ಮೇಲೆ ಪ್ರೀತಿಯಿದೆ, ಯಾವ ಗೊಂದಲಕ್ಕೂ ಎಡೆಗೊಡುವುದಿಲ್ಲ. ಭಾರತದ ಆಚೆ ಎಲ್ಲರಿಗೂ ತಿಳಿಯುತ್ತದೆ ಅನ್ನುವ ಭರವಸೆ ಮಾತ್ರ ಇಲ್ಲ.

ಇಂಥದೇ ಪುಟ್ಟ ಜಾರುವಿಕೆ ಫೋನಿನಲ್ಲಿದೆ. ನಾವು ‘ಸರಿ, ಫೋನ್ ಇಡ್ತೀನಿ’ ಅನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ಇಳಿಸಿ ‘ಐ ವಿಲ್ ಕೀಪ್ ದ ಫೋನ್’ ಅಂದರೆ ಫೋನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ವಾಪಸ್ ಕೊಡುವುದಿಲ್ಲ ಅಂತ ಆಗುತ್ತದೆ. ಅವರು ‘ಹ್ಯಾಂಗ್ ಅಪ್’ ಅನ್ನುತ್ತಾರೆ. ಹಳೆಯ ಕಾಲದ ಫೋನುಗಳಲ್ಲಿ ಕಿವಿಗಿಡುವ ಭಾಗವನ್ನು ಮಾತು ಮುಗಿದ ಮೇಲೆ ಕೊಕ್ಕೆಗೆ ತೂಗುಹಾಕಬೇಕಿತ್ತು. ಕೊಕ್ಕೆ ಹೋಯಿತು, ತಂತಿಯೂ ಹೋಯಿತು, ಮಾತು ಉಳಿದಿದೆ.

ಹಾಗಾದರೆ ಕಲಿಯುವುದು ಹೇಗೆ? ಅಂಗಡಿಯಲ್ಲಿ ಸಾವಿರಾರು ಫ್ರೇಸಲ್ ವರ್ಬ್‌ಗಳ ಪುಸ್ತಕ ಸಿಗುತ್ತವೆ, ‘ಎ’ಯಿಂದ ‘ಝೆಡ್’ವರೆಗೆ. ಕೊಂಡವರಲ್ಲಿ ಹೆಚ್ಚಿನವರು ‘ಬಿ’ಯಲ್ಲಿ ನಿಂತಿರುತ್ತಾರೆ. ಅಷ್ಟು ಬೇಕಾಗಿಯೂ ಇಲ್ಲ. ಗಾರ್ಡ್‌ನರ್ ಮತ್ತು ಡೇವಿಸ್ ಅನ್ನುವವರು 2007ರಲ್ಲಿ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ 10 ಕೋಟಿ ಪದಗಳ ಭಂಡಾರವನ್ನು ಜಾಲಾಡಿದರು. ಅಲ್ಲಿ ಬಂದಿದ್ದ ಫ್ರೇಸಲ್ ವರ್ಬ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರೀ 100 ಜೋಡಿಗಳದ್ದು. ಗೋ, ಕಮ್, ಟೇಕ್, ಗೆಟ್, ಪುಟ್, ಟರ್ನ್, ಲುಕ್ ಇಂಥ 20 ಕ್ರಿಯಾಪದ, ಔಟ್, ಅಪ್, ಆನ್, ಬ್ಯಾಕ್, ಡೌನ್, ಇನ್, ಆಫ್, ಓವರ್ ಎಂಬ ಎಂಟು ಬಾಲ. ಇಷ್ಟು ಸಾಮಾನಿನಲ್ಲಿ ಅರ್ಧ ಮನೆ ಕಟ್ಟಿಬಿಡುತ್ತಾರೆ. ಒಂದೊಂದು ಜೋಡಿಗೂ ಒಂದಕ್ಕಿಂತ ಹೆಚ್ಚು ಅರ್ಥ ಇರುತ್ತದೆ ಅನ್ನುವುದು ಬೇರೆ ಮಾತು. ‘ವರ್ಕ್ ಔಟ್’ ಅಂದರೆ ಜಿಮ್ಮಿನಲ್ಲಿ ಬೆವರು, ಕ್ಲಾಸಿನಲ್ಲಿ ಲೆಕ್ಕ ಬಿಡಿಸುವುದು. ‘ಇದು ವರ್ಕೌಟ್ ಆಗಲ್ಲ ಗುರು’ ಅನ್ನುವ ಅರ್ಥವನ್ನು ನಾವು ಆಗಲೇ ಕನ್ನಡಕ್ಕೆ ಸೇರಿಸಿಕೊಂಡು ಆಗಿದೆ.

ನಾನು ವಿದ್ಯಾರ್ಥಿಗಳಿಗೆ ಪಟ್ಟಿ ಕೊಡುವುದಿಲ್ಲ, ಬೆಳಗ್ಗೆ ಎದ್ದದ್ದನ್ನು ಹೇಳು ಅನ್ನುತ್ತೇನೆ. ಐ ವೋಕ್ ಅಪ್, ಗಾಟ್ ಅಪ್, ಟರ್ನ್ಡ್ ಆನ್ ದ ಗೀಸರ್. ದ ಪವರ್ ವೆಂಟ್ ಆಫ್. ಐ ಪುಟ್ ಆಫ್ ಮೈ ಬಾತ್. ಐ ಪುಟ್ ಆನ್ ಮೈ ಶೂಸ್, ಟುಕ್ ದೆಮ್ ಆಫ್, ಯಾಕಂದರೆ ಅವು ಅಣ್ಣನದು. ದ ಬಸ್ ಬ್ರೋಕ್ ಡೌನ್. ಐ ಗಾಟ್ ಆಫ್ ಆ್ಯಂಡ್ ವಾಕ್ಡ್ ಆನ್. ಇಷ್ಟರಲ್ಲಿ ಹತ್ತು ಬಂದುಹೋದವು, ಯಾವುದನ್ನೂ ಉರು ಹೊಡೆಯಲಿಲ್ಲ. ನಡೆದದ್ದನ್ನು ಹೇಳುವಾಗ ಬಂದ ಮಾತು ನಾಲಿಗೆಯಲ್ಲಿ ಉಳಿಯುತ್ತದೆ. ‘ಪುಟ್ ಆಫ್’ ಅಂದರೆ ಮುಂದೂಡು ಅಂತ ಪಟ್ಟಿಯಲ್ಲಿ ಓದಿದ್ದು ಪರೀಕ್ಷೆಯ ಮರುದಿನ ಹೋಗುತ್ತದೆ. ತಣ್ಣೀರು ನೋಡಿ ಸ್ನಾನ ಮುಂದೂಡಿದ ಬೆಳಗು ಹಾಗೆ ಹೋಗುವುದಿಲ್ಲ.

ಕಡೆಯಲ್ಲಿ ಒಂದು ಪ್ರಶ್ನೆ ಬಂದಿದೆ, ಒಳ್ಳೆಯ ಪ್ರಶ್ನೆ. ‘ಲಾಗಿನ್’ ಒಂದು ಪದವೋ ಎರಡೋ, ‘ಐ ಲಾಗಿನ್ಡ್’ ಅಂತ ಬರೆಯಬಹುದೋ ಅಂತ. ಬರೆಯಬೇಡಿ. ಕೆಲಸ ಹೇಳುವಾಗ ಎರಡು ಪದ, ‘ಲಾಗ್ ಇನ್’. ಕಾಲ ಬದಲಾಗುವುದು ಕ್ರಿಯಾಪದದಲ್ಲಿ, ಹಾಗಾಗಿ ‘ಐ ಲಾಗ್ಡ್ ಇನ್’. ಪರದೆಯ ಮೇಲಿನ ಪುಟದ ಹೆಸರಾದಾಗ ‘ಲಾಗಿನ್ ಪೇಜ್’, ಒಂದೇ ಪದ. ‘ಸೆಟ್ ಅಪ್’ ಮಾಡುವುದು ಎರಡು, ಮಾಡಿ ಆದಮೇಲೆ ಸಿಕ್ಕಿದ ‘ಸೆಟಪ್’ ಒಂದು. ‘ಬ್ಯಾಕ್ ಅಪ್’ಗೂ ಇದೇ ಲೆಕ್ಕ. ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ ಜಿಗಿಯುತ್ತದೆ ಅನ್ನುವುದನ್ನೂ ಕೇಳಿಸಿಕೊಳ್ಳಿ. ನಮಗೆ ಈ ಗೊಂದಲ ಯಾಕೆ ಬರುತ್ತದೆ ಅಂದರೆ ನಾವು ಇವನ್ನು ಇಂಗ್ಲಿಷಿನಿಂದ ಒಯ್ದದ್ದೇ ನಾಮಪದಗಳಾಗಿ: ಪಿಕಪ್ ಮಾಡು, ಬ್ಯಾಕಪ್ ತಗೋ, ಬ್ರೇಕಪ್ ಆಯ್ತು, ಲಾಗಿನ್ ಆಗು. ಕಾಲ ಬದಲಾಯಿಸೋಕೆ ನಮಗೆ ‘ಮಾಡು’, ‘ಆಗು’ ಹಿಂದೆ ಕಾದು ನಿಂತಿರುತ್ತವೆ. ಆ ಇಡೀ ಗಂಟನ್ನು ಬಿಚ್ಚದೆ ಇಂಗ್ಲಿಷಿಗೆ ವಾಪಸ್ ಒಯ್ದಾಗ ‘ಲಾಗಿನ್ಡ್’, ‘ಬ್ಯಾಕಪ್ಡ್’ ಹುಟ್ಟುತ್ತವೆ. ‘ಫೈಲ್ ಬ್ಯಾಕಪ್ ಮಾಡಿದೆ’ ಅನ್ನುವುದನ್ನು ‘ಐ ಬ್ಯಾಕ್ಡ್ ಅಪ್ ದ ಫೈಲ್’ ಅಂತ ಬರೆಯಿರಿ. ಫೈಲ್ ತೆಗೆದು ‘ಇಟ್’ ಹಾಕುವುದಾದರೆ ‘ಐ ಬ್ಯಾಕ್ಡ್ ಇಟ್ ಅಪ್’. ಇಟ್ ಎಲ್ಲಿ ಕೂರುತ್ತದೆ ಅಂತ ಆಗಲೇ ಹೇಳಿದ್ದೇನೆ.